ಯೂನಿವರ್ಸಿಟಿಯವರು ಬಂದು ಹೋದರೆ ತೋಟದ ಕೂಲಿಯವರಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾನು ಹಾಸನದವಳು. ಅಮೆರಿಕದಲ್ಲಿ ಪಬ್ಲಿಕ್ ಹೆಲ್ತ್ ವಿಷಯದಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಹಳ್ಳಿ ಕಡೆಯ ಲ್ಯಾಟಿನೋ ಕೃಷಿ ಕಾರ್ಮಿಕರ ಆರೋಗ್ಯ ಸುಧಾರಿಸಲು ನಮ್ಮ ವಿಭಾಗದವರು ಅಲ್ಲಿನ ಒಂದು ಸಂಘಟನೆಯ ಜೊತೆ ಸೇರಿ ಪ್ರಾಜೆಕ್ಟ್ ಶುರು ಮಾಡುತ್ತಿದ್ದಾರೆ. ನನ್ನನ್ನೂ ಕರೆದಿದ್ದಾರೆ. ಇಂಥ ಪಾಲುದಾರಿಕೆಯಿಂದ ಜನರ ಆರೋಗ್ಯ ನಿಜಕ್ಕೂ ಸುಧಾರಿಸಿದೆಯಾ, ಅಥವಾ ಪ್ರೊಫೆಸರ್‌ಗಳಿಗೆ ಪೇಪರ್ ಸಿಗುವುದಷ್ಟೇನಾ? ಒಳ್ಳೆಯ ಪ್ರಾಜೆಕ್ಟನ್ನು ಗುರುತಿಸುವುದು ಹೇಗೆ? ನನಗೆ ಸ್ಪ್ಯಾನಿಷ್ ಅಷ್ಟಾಗಿ ಬರುವುದಿಲ್ಲ. ನನ್ನಿಂದ ಅಲ್ಲಿ ಏನು ಉಪಯೋಗ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕೆಲವು ಕಡೆ ಸುಧಾರಿಸಿದೆ, ಅದಕ್ಕೆ ಪುರಾವೆ ಇದೆ. ಇನ್ನು ಕೆಲವು ಕಡೆ ಪುರಾವೆ ಗಟ್ಟಿಯಾಗಿ ಸಿಕ್ಕಿದೆ, ಆದರೆ ಸರ್ಕಾರ ಅದನ್ನು ಕಿವಿಗೆ ಹಾಕಿಕೊಂಡಿಲ್ಲ. ಸುಮ್ನೆ ಪೇಪರ್ ಆಗಿ ಮುಗಿದವೂ ಇವೆ. ಕೆಲಸ ಮಾಡಿದ ಪ್ರಾಜೆಕ್ಟ್‌ಗಳನ್ನು ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಯೂನಿವರ್ಸಿಟಿಯವರು ಆ ಊರಲ್ಲಿ ವರ್ಷಗಟ್ಟಲೆ ಉಳಿದಿದ್ದಾರೆ. ಏನನ್ನು ಕೇಳಬೇಕು, ಸಿಕ್ಕ ಉತ್ತರವನ್ನು ಏನು ಮಾಡಬೇಕು ಅನ್ನುವುದರಲ್ಲಿ ಊರಿನವರ ಮಾತು ನಡೆದಿದೆ.

ಯಾಕೆ ಇಷ್ಟು ಕಷ್ಟ ಅನ್ನುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕದಲ್ಲಿ ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾಯ್ದೆಯಿಂದ ಕೃಷಿ ಕಾರ್ಮಿಕರನ್ನು ಹೊರಗಿಟ್ಟರು. 1938ರ ಕನಿಷ್ಠ ಕೂಲಿಯ ಕಾಯ್ದೆಯಿಂದಲೂ ಹೊರಗಿಟ್ಟರು. ಊರೂರು ಅಲೆಯುವ ಕೂಲಿಯವರಿಗೆ ಕ್ಲಿನಿಕ್ ತೆರೆಯಲು ಫೆಡರಲ್ ಸರ್ಕಾರದ ಹಣ ಸಿಕ್ಕಿದ್ದು 1962ರ ಕಾಯ್ದೆಯಿಂದ. ಈಗ ಈ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದವರು. ಕಾಗದಪತ್ರ ಇಲ್ಲದವರು ಬಹಳ. ಎಷ್ಟೋ ಜನರಿಗೆ ವಿಮೆ ಇಲ್ಲ, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ, ಆಸ್ಪತ್ರೆ ದೂರ. ಅಂಥವರ ಮನೆ ಬಾಗಿಲಿಗೆ ಯಾರೋ ಫಾರ್ಮ್ ಹಿಡಿದು ಬಂದು ಹೆಸರು, ವಿಳಾಸ ಕೇಳಿದರೆ ಬಾಗಿಲು ತೆಗೆಯದಿರುವುದೇ ಸಹಜ ಅಲ್ವಾ?

ಇನ್ನು ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಗೆ ಬರೋಣ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಈ ಕಥೆ. ಅದು ಲೆಟಿಸ್, ಸ್ಟ್ರಾಬೆರಿ ಬೆಳೆಯುವ ನಾಡು. 1998ರಲ್ಲಿ ಫೆಡರಲ್ ಸರ್ಕಾರ ಮಕ್ಕಳ ಮೇಲೆ ಪರಿಸರದ ಪರಿಣಾಮ ತಿಳಿಯಲು ಕೆಲವು ಸಂಶೋಧನಾ ಕೇಂದ್ರಗಳಿಗೆ ಹಣ ಕೊಟ್ಟಿತು. ಅದರಲ್ಲಿ ಒಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಸಿಕ್ಕಿತು. ಬ್ರೆಂಡಾ ಎಸ್ಕೆನಾಜಿ ಅದರ ಮುಖ್ಯಸ್ಥೆ. ಪ್ರಾಜೆಕ್ಟಿನ ಹೆಸರು ಚಮಾಕೋಸ್. ಸ್ಥಳೀಯ ಕ್ಲಿನಿಕ್‌ಗಳು ಮತ್ತು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಸ್ಪತ್ರೆಯ ಜೊತೆ ಸೇರಿ 1999 ಮತ್ತು 2000ರಲ್ಲಿ 601 ಗರ್ಭಿಣಿಯರನ್ನು ಸೇರಿಸಿಕೊಂಡರು. ಹೆಚ್ಚಿನವರು ಮೆಕ್ಸಿಕೊದಿಂದ ಬಂದವರು. ತೋಟದಲ್ಲಿ ದುಡಿಯುವವರು, ಇಲ್ಲವೇ ಮನೆಯಲ್ಲಿ ಯಾರಾದರೂ ತೋಟಕ್ಕೆ ಹೋಗುವವರು.

ಆ ಮಕ್ಕಳನ್ನು ಹೊಟ್ಟೆಯಲ್ಲಿದ್ದಾಗಿನಿಂದ ದೊಡ್ಡವರಾಗುವವರೆಗೂ ಬಿಡದೆ ನೋಡುತ್ತಾ ಬಂದರು. ತಾಯಂದಿರ ಮೂತ್ರದಲ್ಲಿ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳ ಅಂಶ ಎಷ್ಟಿತ್ತು ಅಂತ ಅಳೆದಿದ್ದರು. 2011ರಲ್ಲಿ ಫಲಿತಾಂಶ ಬಂತು. ಗರ್ಭಿಣಿಯಾಗಿದ್ದಾಗ ಆ ಅಂಶ ಅತಿ ಹೆಚ್ಚಿದ್ದ ಐದನೇ ಒಂದು ಭಾಗದ ತಾಯಂದಿರ ಮಕ್ಕಳಿಗೆ 7ನೇ ವಯಸ್ಸಿನಲ್ಲಿ ಐಕ್ಯೂ ಸರಾಸರಿ 7 ಅಂಕ ಕಡಿಮೆ ಇತ್ತು. ಹೋಲಿಸಿದ್ದು ಅತಿ ಕಡಿಮೆ ಅಂಶ ಇದ್ದ ತಾಯಂದಿರ ಮಕ್ಕಳ ಜೊತೆ. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಯೂನಿವರ್ಸಿಟಿಯವರು ನಗರದ ತಾಯಂದಿರ ಮೇಲೆ ಮಾಡಿದ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸಿತು. ಅವರು ನೋಡಿದ್ದು ಅದೇ ಗುಂಪಿನ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕವನ್ನು. ನಮ್ಮೂರಿನ ಗೊಬ್ಬರ-ಔಷಧಿ ಅಂಗಡಿಗಳಲ್ಲೂ ಗೆದ್ದಲಿಗೆ ಅಂತ ಕೊಡುವುದು ಇದನ್ನೇ. ಅದರ ಬಳಕೆಯನ್ನು ಕ್ಯಾಲಿಫೋರ್ನಿಯಾ 2020ರ ಕೊನೆಗೆ ಬಹುತೇಕ ಪೂರ್ತಿ ನಿಲ್ಲಿಸಿತು. ಆ ತೀರ್ಮಾನದ ಹಿಂದಿದ್ದ ಪುರಾವೆಗಳಲ್ಲಿ ಸಲೀನಾಸ್ ತಾಯಂದಿರು ಕೊಟ್ಟ ಮಾದರಿಗಳದ್ದೂ ದೊಡ್ಡ ಪಾಲಿದೆ.

ಇಷ್ಟೇ ಆಗಿದ್ದರೆ ನಾನು ಅದನ್ನು ಒಳ್ಳೆಯ ವಿಜ್ಞಾನ ಅನ್ನುತ್ತಿದ್ದೆ, ಪಾಲುದಾರಿಕೆ ಅನ್ನುತ್ತಿರಲಿಲ್ಲ. ಕಾಯ್ದೆ ಬದಲಾಗಲು 20 ವರ್ಷ ಹಿಡಿಯಿತು. ಅಷ್ಟರವರೆಗೆ ಆ ತಾಯಂದಿರು ಏನು ಮಾಡಬೇಕಿತ್ತು? ಇಲ್ಲಿಯೇ ಚಮಾಕೋಸ್ ನನಗೆ ಹೆಚ್ಚು ಇಷ್ಟವಾಗುವುದು. ತೋಟದಲ್ಲಿ ಹೊಡೆದ ಔಷಧಿ ಬಟ್ಟೆ, ಶೂ, ಕಾರಿನ ಮೂಲಕ ಮನೆಗೆ ಬರುತ್ತದೆ, ತೆವಳುವ ಮಗುವಿನ ಕೈಗೆ ಅಂಟುತ್ತದೆ ಅಂತ ಗೊತ್ತಾದ ಮೇಲೆ ಅವರು ಸ್ಟ್ರಾಬೆರಿ ಕೀಳುವವರ ಜೊತೆ ಕೂತು ತಡೆಯುವ ದಾರಿ ಹುಡುಕಿದರು. ಕೈ ತೊಳೆಯಿರಿ ಅಂತ ಹೇಳುವುದು ಸುಲಭ. ಆದರೆ ಬಿಸಿಲಲ್ಲಿ ದುಡಿದು ಮೈ ಕಾದಿರುವಾಗ ತಣ್ಣೀರು ಮುಟ್ಟಿದರೆ ಕೀಲು ಹಿಡಿದುಕೊಳ್ಳುತ್ತದೆ ಅನ್ನುವ ನಂಬಿಕೆ ಅಲ್ಲಿನ ಬಹಳ ಜನರಲ್ಲಿ ಇದೆ. ಉಷ್ಣ-ಶೀತದ ಲೆಕ್ಕ ನಮ್ಮ ಮನೆಗಳಲ್ಲೂ ಇದೆಯಲ್ಲ, ಹಾಗೇ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿ ಪಾಠ ಹೇಳಲು ಹೋಗಿದ್ದರೆ ಯಾರೂ ಕೈ ತೊಳೆಯುತ್ತಿರಲಿಲ್ಲ. ಇವರು ತೋಟಕ್ಕೆ ಬೆಚ್ಚಗಿನ ನೀರು, ಸೋಪು ತಂದಿಟ್ಟರು. ಗ್ಲೌಸ್ ಕೊಟ್ಟರು. ಮೇಲುಡುಪು ಕೊಟ್ಟು, ಮನೆಗೆ ಹೋಗುವ ಮೊದಲು ಬಿಚ್ಚಿಡುವ ಏರ್ಪಾಡು ಮಾಡಿದರು. ಗ್ಲೌಸ್ ಹಾಕಿಕೊಂಡವರ ಮೈಯಲ್ಲಿ ಮ್ಯಾಲಥಿಯಾನ್ ಅನ್ನುವ ಕೀಟನಾಶಕದ ಅಂಶ ಕಡಿಮೆಯಾಗಿದ್ದು ಅಳತೆಯಲ್ಲೇ ಕಾಣಿಸಿತು.

ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಬೆಚ್ಚಗಿನ ನೀರು ಬೇಕು ಅಂತ ಹೇಳಬಲ್ಲವರು ಅಲ್ಲಿ ದುಡಿದವರು ಮಾತ್ರ.

ಮುಂದೆ ಅದೇ ಊರಿನ ಹರೆಯದ ಹುಡುಗ ಹುಡುಗಿಯರ ಒಂದು ಮಂಡಳಿ ಮಾಡಿದರು. ಅವರನ್ನು ಸಂಶೋಧಕರನ್ನಾಗಿಯೇ ತರಬೇತಿ ಕೊಟ್ಟು ಸೇರಿಸಿಕೊಂಡರು. 2013ರಲ್ಲಿ 100 ಲ್ಯಾಟಿನಾ ಹುಡುಗಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಹರ್ಮೋಸಾ ಅಂತ ಅದರ ಹೆಸರು, ಕಿಮ್ ಹಾರ್ಲಿ ಮುಂದಾಳತ್ವ. ದಿನಾ ಬಳಸುವ ಶ್ಯಾಂಪೂ, ಮೇಕಪ್, ಕ್ರೀಮು ಬಿಟ್ಟು, ಹಾರ್ಮೋನಿಗೆ ತೊಂದರೆ ಕೊಡಬಹುದಾದ ಪ್ಯಾರಾಬೆನ್, ಥಾಲೇಟ್, ಟ್ರೈಕ್ಲೋಸಾನ್‌ನಂಥ ರಾಸಾಯನಿಕ ಇಲ್ಲ ಅಂತ ಲೇಬಲ್ ಇರುವುದನ್ನು ಬರೀ 3 ದಿನ ಬಳಸಿದರು. ಮೂತ್ರದಲ್ಲಿ ಮಿಥೈಲ್ ಪ್ಯಾರಾಬೆನ್ 44% ಇಳಿಯಿತು, ಟ್ರೈಕ್ಲೋಸಾನ್ 36% ಇಳಿಯಿತು. ಊರಿನ ಮಕ್ಕಳು ಅಧ್ಯಯನದ ರೂಪುರೇಷೆಯಲ್ಲೂ ಇದ್ದರು, ಫಲಿತಾಂಶವನ್ನು ಜನರಿಗೆ ಹೇಳುವುದರಲ್ಲೂ ಇದ್ದರು. ಕೂಲಿಯವರ ಮಕ್ಕಳು ವಿಜ್ಞಾನಿಗಳ ಪಕ್ಕದಲ್ಲಿ ಕೂತು ಪ್ರಶ್ನೆ ಬರೆದರು ಅನ್ನುವುದು ನನಗೆ ಆ 44%ಕ್ಕಿಂತ ದೊಡ್ಡ ಸುದ್ದಿ.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದರೆ ಟೆಕ್ಸಾಸ್‌ನ ಸ್ಟಾರ್ ಕೌಂಟಿ ನೋಡಿ. ರಿಯೊ ಗ್ರಾಂಡೆ ನದಿಯ ದಂಡೆಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ಬಡ ಕೌಂಟಿ ಅದು. ಅಲ್ಲಿ ಇರುವವರೆಲ್ಲ ಬಹುತೇಕ ಮೆಕ್ಸಿಕನ್ ಮೂಲದವರು. 1981ರಿಂದ ಹ್ಯೂಸ್ಟನ್‌ನ ಟೆಕ್ಸಾಸ್ ಯೂನಿವರ್ಸಿಟಿಯವರು ಅಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನ ಮಾಡುತ್ತಿದ್ದಾರೆ. ಆ ಜನರ ರಕ್ತದ ಮಾದರಿಗಳಿಂದ ಕಾಯಿಲೆಯ ಅನುವಂಶಿಕತೆಯ ಬಗ್ಗೆ ಜಗತ್ತಿಗೇ ತಿಳಿವಳಿಕೆ ಸಿಕ್ಕಿತು. ಆದರೆ ರಕ್ತ ಕೊಟ್ಟವರಿಗೆ ಏನು ಸಿಕ್ಕಿತು ಅನ್ನುವ ಪ್ರಶ್ನೆ ಇರುತ್ತದಲ್ಲ? ಅದಕ್ಕೆ ಉತ್ತರ ಕೊಡಲು ಹೊರಟವರು ಆಸ್ಟಿನ್‌ನ ಟೆಕ್ಸಾಸ್ ಯೂನಿವರ್ಸಿಟಿಯ ಶ್ಯಾರನ್ ಬ್ರೌನ್. ಅವರು ನರ್ಸಿಂಗ್ ಪ್ರಾಧ್ಯಾಪಕಿ. ಎರಡೂ ಭಾಷೆ ಬಲ್ಲ ಮೆಕ್ಸಿಕನ್ ಅಮೆರಿಕನ್ ನರ್ಸ್‌ಗಳು, ಆಹಾರ ತಜ್ಞರು, ಊರಿನ ಆರೋಗ್ಯ ಕಾರ್ಯಕರ್ತರು ಸೇರಿ ವರ್ಷದಲ್ಲಿ 52 ಗಂಟೆ ತರಗತಿ ಮತ್ತು ಗುಂಪು ಮಾತುಕತೆ ನಡೆಸಿದರು. ಅಲ್ಲಿನ ಅಡುಗೆಯನ್ನೇ ಇಟ್ಟುಕೊಂಡು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳಿಕೊಟ್ಟರು. ಮನೆಯವರನ್ನೂ ಕರೆದರು.

2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 256 ಜನರಿದ್ದರು. ಆರು ತಿಂಗಳಿಗೆ ತರಗತಿಗೆ ಬಂದವರ ಎಚ್‌ಬಿಎ1ಸಿ ಉಳಿದವರಿಗಿಂತ 1.4 ಅಂಶ ಕಡಿಮೆ ಇತ್ತು. ಎಚ್‌ಬಿಎ1ಸಿ ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ. 1.4 ಅಂದರೆ ಕಡಿಮೆಯೇನಲ್ಲ, ಒಂದು ಮಾತ್ರೆ ಮಾಡುವಷ್ಟು ಕೆಲಸ. ಆದರೆ ಆ ಇಳಿಕೆಯ ಮೇಲೂ ಅವರ ಸರಾಸರಿ 10ರ ಮೇಲೆಯೇ ಇತ್ತು. 7ರ ಹತ್ತಿರ ಇರಬೇಕಾದ್ದು. ಈ ಎರಡೂ ಸಂಗತಿಯನ್ನು ಒಟ್ಟಿಗೆ ನೆನಪಿಡಿ. ತರಗತಿ ಕೆಲಸ ಮಾಡಿತು. ಹಾಗೇ, ವೈದ್ಯರು, ಔಷಧಿ, ವಿಮೆ ಸರಿಯಾಗಿ ಸಿಗದ ಕಡೆ ತರಗತಿ ಒಂದರಿಂದಲೇ ಕಾಯಿಲೆ ಹತೋಟಿಗೆ ಬರುವುದಿಲ್ಲ. ಆಮೇಲೆ ಅವರೇ 22 ಗಂಟೆಯ ಚಿಕ್ಕ ಕಾರ್ಯಕ್ರಮವನ್ನು 52 ಗಂಟೆಯದರ ಜೊತೆ ಹೋಲಿಸಿ ನೋಡಿದರು. ಎರಡರಲ್ಲೂ ಲಾಭ ಇತ್ತು. ಅರ್ಧಕ್ಕಿಂತ ಹೆಚ್ಚು ದಿನ ಬಂದವರಲ್ಲಿ ದೊಡ್ಡ ಕಾರ್ಯಕ್ರಮದಿಂದ ಇಳಿಕೆ ಜಾಸ್ತಿ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಗುಂಪಾಗಿ ಕೂತು ಕಷ್ಟ ಸುಖ ಮಾತಾಡುವ ಗಂಟೆಗಳದ್ದು. ಬಜೆಟ್ ಕತ್ತರಿಸುವಾಗ ಮೊದಲು ಕತ್ತರಿ ಬೀಳುವುದೂ ಅವಕ್ಕೇ.

ಈಗ ಫ್ಲೋರಿಡಾ. ಇದನ್ನು ಹೇಳದಿದ್ದರೆ ನಿಮಗೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ. ಅಲ್ಲಿನ ಕೃಷಿ ಕಾರ್ಮಿಕರ ಸಂಘಟನೆಯ ಕೇಂದ್ರ ಅಪಾಪ್ಕಾ ಅನ್ನುವ ಊರು. ಆ ಊರಿಗೆ ಯೂನಿವರ್ಸಿಟಿಗಳ ಮೇಲೆ ಒಂದು ಹಳೆಯ ನೋವಿದೆ. ಪಕ್ಕದ ಸರೋವರದ ದಂಡೆಯ ತೋಟಗಳಲ್ಲಿ ದಶಕಗಳ ಕಾಲ ಔಷಧಿ ಹೊಡೆದಿದ್ದರು. ಸರ್ಕಾರ ಆ ಜಮೀನು ಕೊಂಡು ನೀರು ಬಿಟ್ಟಾಗ, 1998-99ರ ಚಳಿಗಾಲದಲ್ಲಿ ನೂರಾರು ಹಕ್ಕಿಗಳು ಸತ್ತವು. ಹಕ್ಕಿಗಳ ಮೇಲೆ ಅಧ್ಯಯನ ಆಯಿತು, ಆ ಸರೋವರದ ಮೊಸಳೆಗಳ ಮೇಲೂ ಆಗಿತ್ತು. ಅದೇ ಮಣ್ಣಲ್ಲಿ ವರ್ಷಗಟ್ಟಲೆ ದುಡಿದವರ ಮೇಲೆ ಅಷ್ಟು ಕಾಳಜಿಯ ಅಧ್ಯಯನ ಯಾರೂ ಮಾಡಲಿಲ್ಲ ಅನ್ನುವುದು ಅವರ ದೂರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಆ ದೂರು ನ್ಯಾಯವಾದದ್ದು.

ಅದೇ ಸಂಘಟನೆ ಮುಂದೆ ಅಟ್ಲಾಂಟಾದ ಎಮರಿ ಯೂನಿವರ್ಸಿಟಿಯ ನರ್ಸಿಂಗ್ ಶಾಲೆಯ ಜೊತೆ ಕೈ ಜೋಡಿಸಿತು. ವಿಷಯ: ಬಿಸಿಲು. ಕೆಲಸದವರು ನುಂಗುವ ಮಾತ್ರೆಯಂಥ ಸಣ್ಣ ಯಂತ್ರದಿಂದ ಒಳಮೈಯ ತಾಪ ಅಳೆದರು. ಕೆಲಸದ ಮೊದಲು ಮತ್ತು ನಂತರ ರಕ್ತ, ಮೂತ್ರ ನೋಡಿದರು. ಇಂಥದ್ದಕ್ಕೆ ಒಬ್ಬ ಕೂಲಿಯವರು ಒಪ್ಪಬೇಕಾದರೆ ಕೇಳುವವರ ಮೇಲೆ ಎಷ್ಟು ನಂಬಿಕೆ ಇರಬೇಕು ಯೋಚಿಸಿ. ಕೇಳಿದವರು ಸಂಘಟನೆಯ ಜನ, ಅದಕ್ಕೇ ಒಪ್ಪಿದರು. 2018ರಲ್ಲಿ ಪ್ರಕಟವಾದ 192 ಜನರ ಫಲಿತಾಂಶ ಹೀಗಿದೆ: ಕೆಲಸ ಶುರುವಾಗುವ ಮೊದಲೇ ಸರಾಸರಿ 53% ಜನರ ಮೈಯಲ್ಲಿ ನೀರಿನಂಶ ಕಡಿಮೆ ಇತ್ತು. ಕೆಲಸ ಮುಗಿದಾಗ ಅದು 81%. ಮೂವರಲ್ಲಿ ಒಬ್ಬರಿಗೆ ಕನಿಷ್ಠ ಒಂದು ದಿನವಾದರೂ ಕಿಡ್ನಿಗೆ ಪೆಟ್ಟು ಬಿದ್ದ ಲಕ್ಷಣ ಸಿಕ್ಕಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರೂ ಕಿಡ್ನಿ ತೊಂದರೆ ಕಂಡರು. ದಿನಗೂಲಿಯವರಿಗಿಂತ ಬುಟ್ಟಿ ಲೆಕ್ಕದಲ್ಲಿ ಕೂಲಿ ಪಡೆಯುವವರಲ್ಲಿ ಅದು ಜಾಸ್ತಿ. ನೀರು ಕುಡಿಯಲು ನಿಂತರೆ ಬುಟ್ಟಿ ಕಡಿಮೆಯಾಗುತ್ತದೆ. ಶೌಚಾಲಯ ದೂರ ಇದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಇದು ಯಾವ ದೇಶದ ಕೂಲಿ ಹೆಂಗಸರನ್ನು ಕೇಳಿದರೂ ಹೇಳುತ್ತಾರೆ.

ಪುರಾವೆ ಇಷ್ಟು ಸ್ಪಷ್ಟ. ನೀರು, ನೆರಳು, ವಿರಾಮ ಕೊಡಬೇಕು ಅಂತ ಕ್ಯಾಲಿಫೋರ್ನಿಯಾ 2005ರಲ್ಲೇ ನಿಯಮ ಮಾಡಿತ್ತು. ಫ್ಲೋರಿಡಾದಲ್ಲಿ ಆಗಿದ್ದೇನು? 2024ರಲ್ಲಿ ಅಲ್ಲಿನ ಸರ್ಕಾರ ತಂದ ಕಾಯ್ದೆಯ ಪ್ರಕಾರ ಯಾವ ನಗರವೂ ಯಾವ ಕೌಂಟಿಯೂ ಬಿಸಿಲಿನ ರಕ್ಷಣೆಗೆ ತಾನಾಗಿ ನಿಯಮ ಮಾಡುವ ಹಾಗಿಲ್ಲ. ಕ್ಲೋರ್‌ಪೈರಿಫಾಸ್ ಕಥೆಯೂ ಹಾಗೇ: ಫೆಡರಲ್ ಸರ್ಕಾರ 2021ರಲ್ಲಿ ಆಹಾರ ಬೆಳೆಗಳ ಮೇಲೆ ಅದಕ್ಕಿದ್ದ ಅನುಮತಿ ತೆಗೆಯಿತು, 2023ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನೇ ರದ್ದು ಮಾಡಿತು. ಹಾಗಾಗಿ ಯೂನಿವರ್ಸಿಟಿ ಒಳ್ಳೆಯ ಪುರಾವೆ ಕೊಟ್ಟರೆ ಸಾಕು, ಉಳಿದದ್ದು ತಾನಾಗೇ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುರಾವೆ ಹಿಡಿದು ವರ್ಷಗಟ್ಟಲೆ ಜಗ್ಗುವ ಸಂಘಟನೆ ಬೇಕು. ಪಾಲುದಾರಿಕೆಯಿಂದ ಆ ಸಂಘಟನೆ ಬಲವಾಯಿತಾ, ಅಥವಾ ಯೂನಿವರ್ಸಿಟಿಯ ಕೆಲಸ ಮಾಡಿ ಮಾಡಿ ಸುಸ್ತಾಯಿತಾ ಅನ್ನುವುದನ್ನೂ ನೋಡಬೇಕು.

ಉತ್ತರ ಕೆರೊಲಿನಾದ ಬಗ್ಗೆ ಎರಡೇ ಮಾತು, ಯಾಕೆಂದರೆ ಅದರಲ್ಲಿ ನಮ್ಮವರಿಗೂ ವಿಷಯ ಇದೆ. ವೇಕ್ ಫಾರೆಸ್ಟ್ ಯೂನಿವರ್ಸಿಟಿಯ ಥಾಮಸ್ ಆರ್ಕರಿ ಮತ್ತು ಸಾರಾ ಕ್ವಾಂಟ್ 1990ರ ದಶಕದಿಂದ ಅಲ್ಲಿನ ಕಾರ್ಮಿಕ ಸಂಘಟನೆಗಳ ಜೊತೆ ಕೆಲಸ ಮಾಡಿದರು. ಒದ್ದೆ ಹೊಗೆಸೊಪ್ಪು ಕೀಳುವಾಗ ಎಲೆಯ ನಿಕೋಟಿನ್ ನೀರಲ್ಲಿ ಕರಗಿ ಚರ್ಮದ ಮೂಲಕ ಒಳಗೆ ಹೋಗುತ್ತದೆ. ತಲೆ ಸುತ್ತು, ವಾಂತಿ, ತಲೆನೋವು ಬರುತ್ತದೆ. ಬಿಸಿಲು ಬಡಿದಿದೆ ಅಥವಾ ಔಷಧಿ ತಾಗಿದೆ ಅಂತ ವೈದ್ಯರೂ ತಪ್ಪು ತಿಳಿಯಬಹುದು. ಒದ್ದೆ ಬಟ್ಟೆ ಬೇಗ ಬದಲಿಸಿದರೆ, ಇಬ್ಬನಿ ಆರುವ ತನಕ ಕಾದರೆ ಎಷ್ಟೋ ತಪ್ಪಿಸಬಹುದು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಮಳೆಗಾಲದ ಬೆಳೆ. ಅಲ್ಲಿ ಎಲೆ ಕೀಳುವವರಿಗೆ ಈ ಮಾತು ತಲುಪಬೇಕು.

ನಿಮ್ಮ ಎರಡನೇ ಪ್ರಶ್ನೆ, ಒಳ್ಳೆಯ ಪ್ರಾಜೆಕ್ಟ್ ಗುರುತಿಸುವುದು ಹೇಗೆ ಅಂತ. ನಾನಾದರೆ ಮೊದಲು ಬಜೆಟ್ ಪುಟ ತೆರೆಯುತ್ತೇನೆ. ಫೆಡರಲ್ ಅನುದಾನದಲ್ಲಿ ನೇರ ಖರ್ಚಿನ ಮೇಲೆ ಕಟ್ಟಡ, ಆಡಳಿತ ಅಂತ ಒಂದು ಮೊತ್ತ ಸೇರಿಸುತ್ತಾರೆ. ದೊಡ್ಡ ಯೂನಿವರ್ಸಿಟಿಗಳಿಗೆ ಅದು 50% ದಾಟುವುದು ಸಾಮಾನ್ಯ. ಪ್ರತ್ಯೇಕ ಒಪ್ಪಂದ ಇಲ್ಲದ ಸಣ್ಣ ಸಂಘಟನೆಗೆ ಬಹಳ ವರ್ಷ 10% ಇತ್ತು, 2024ರ ಅಕ್ಟೋಬರ್‌ನಿಂದ 15% ಆಯಿತು. ಅವರಿಗೂ ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರು ಬೇಕಲ್ಲವೇ? ಸಂಘಟನೆಯವರಿಗೆ ಸಂಬಳದ ಸಾಲು ಇದೆಯಾ, ಅಥವಾ ಗಿಫ್ಟ್ ಕಾರ್ಡ್ ಮತ್ತು ಊಟ ಮಾತ್ರವಾ ನೋಡಿ.

ಆಮೇಲೆ ಪ್ರೊಮೊತೋರಾಗಳ ಬಗ್ಗೆ ಕೇಳಿ. ಇವರು ಅದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು, ಲ್ಯಾಟಿನ್ ಅಮೆರಿಕದಿಂದ ಬಂದ ಪದ್ಧತಿ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. ಎಲ್ಲ ಮನೆಗೂ ಹೋಗುವವರು ಅವರೇ, ಎಲ್ಲರ ಗುಟ್ಟು ಗೊತ್ತಿರುವವರೂ ಅವರೇ. ಸಂಬಳದ ವಿಷಯ ಬಂದಾಗ ಮಾತ್ರ ಸ್ವಯಂಸೇವಕರು ಆಗಿಬಿಡುತ್ತಾರೆ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಆಶಾಗಳು ಕೂತು ಕೇಳಿದ್ದು ಇದನ್ನೇ ಅಲ್ವಾ? ಪ್ರೊಮೊತೋರಾಗಳಿಗೆ ತಿಂಗಳ ಸಂಬಳ ಇದ್ದು, ಪ್ರಶ್ನಾವಳಿ ಬರೆಯುವ ಸಭೆಗೆ ಅವರನ್ನು ಕರೆಯುತ್ತಿದ್ದರೆ ಪ್ರಾಜೆಕ್ಟಿನ ಬಗ್ಗೆ ನನಗೆ ಅರ್ಧ ಭರವಸೆ ಬರುತ್ತದೆ.

ಕಾಗದಪತ್ರದ ಭಯಕ್ಕೆ ಏನು ಏರ್ಪಾಡು ಇದೆ ಅನ್ನುವುದೂ ಮುಖ್ಯ. ಈಗಿನ ಕಾಲದಲ್ಲಿ ಇದನ್ನು ಮೊದಲೇ ಕೇಳಿ. ವಲಸೆ ಸ್ಥಿತಿಯ ಪ್ರಶ್ನೆ ಅಗತ್ಯವಿಲ್ಲದಿದ್ದರೆ ಕೇಳಲೇಬಾರದು. ಬರೆದಿಟ್ಟಿಲ್ಲದ್ದನ್ನು ಯಾರೂ ಕಸಿಯಲಾಗದು. ಎನ್‌ಐಎಚ್ (ಆರೋಗ್ಯ ಸಂಶೋಧನೆಗೆ ಹಣ ಕೊಡುವ ಫೆಡರಲ್ ಸಂಸ್ಥೆ) ಹಣದಿಂದ ನಡೆಯುವ ಸಂಶೋಧನೆಗೆ 2017ರ ಅಕ್ಟೋಬರ್‌ನಿಂದ ಗೋಪ್ಯತೆಯ ಪ್ರಮಾಣಪತ್ರ ತಾನಾಗೇ ಸಿಗುತ್ತದೆ. ನ್ಯಾಯಾಲಯ ಕೇಳಿದರೂ ಹೆಸರು ಸಮೇತ ಮಾಹಿತಿ ಕೊಡದಿರಲು ಅದರಿಂದ ಕಾನೂನಿನ ಬಲ ಇದೆ. ನಿಮ್ಮದು ಬೇರೆ ಹಣವಾದರೆ ಅದಕ್ಕೆ ಅರ್ಜಿ ಹಾಕಿದ್ದಾರಾ ಅಂತ ವಿಚಾರಿಸಿ. ರಕ್ತ, ಮೂತ್ರದ ಮಾದರಿ ಎಲ್ಲಿರುತ್ತದೆ, ಮುಂದೆ ಬೇರೆ ಕೆಲಸಕ್ಕೆ ಬಳಸಲು ಯಾರ ಒಪ್ಪಿಗೆ ಬೇಕು ಅಂತಲೂ ಕೇಳಿ. ಅರಿಜೋನಾದಲ್ಲಿ ಹವಸೂಪಾಯ್ ಅನ್ನುವ ಮೂಲನಿವಾಸಿ ಜನ ಸಕ್ಕರೆ ಕಾಯಿಲೆಯ ಅಧ್ಯಯನ ಅಂದುಕೊಂಡು 1990ರ ದಶಕದಲ್ಲಿ ರಕ್ತ ಕೊಟ್ಟರು. ಅದನ್ನು ಅವರಿಗೆ ಹೇಳದೆ ಬೇರೆ ಸಂಶೋಧನೆಗೂ ಬಳಸಿದರು. ರಕ್ತ ತೆಗೆದುಕೊಂಡಿದ್ದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡು, ಉಳಿದ ರಕ್ತವನ್ನು ಹಿಂದಿರುಗಿಸಬೇಕಾಯಿತು.

ಕಾಲದ ಲೆಕ್ಕವನ್ನೂ ನೋಡಿ. ಅನುದಾನದ ಕ್ಯಾಲೆಂಡರ್ ಬೇರೆ, ಬೆಳೆಯ ಕ್ಯಾಲೆಂಡರ್ ಬೇರೆ. ನವೆಂಬರ್‌ನಲ್ಲಿ ಸಲೀನಾಸ್‌ನ ಲೆಟಿಸ್ ಕೆಲಸ ಅರಿಜೋನಾದ ಯೂಮಾಗೆ ಹೋಗುತ್ತದೆ, ಕೂಲಿಯವರೂ ಹಿಂದೆ ಹೋಗುತ್ತಾರೆ, ಏಪ್ರಿಲ್‌ಗೆ ಮತ್ತೆ ಬರುತ್ತಾರೆ. ಜನವರಿಯಲ್ಲಿ ಎರಡನೇ ಸುತ್ತಿನ ಭೇಟಿ ಅಂತ ಯಾರಾದರೂ ಬರೆದಿದ್ದರೆ ಊರಿನವರನ್ನು ಕೇಳದೆ ಬರೆದಿದ್ದಾರೆ ಅಂತಲೇ ಅರ್ಥ.

ಕೊನೆಗೆ ಭಾಷೆ. ನಿಮಗೆ ಸ್ಪ್ಯಾನಿಷ್ ಬರುವುದಿಲ್ಲ ಅನ್ನುವುದು ಕೊರತೆಯೇ, ಇಂದಿನಿಂದಲೇ ಕಲಿಯಲು ಶುರು ಮಾಡಿ. ಆದರೆ ಅಲ್ಲಿನ ಕೂಲಿಯವರಲ್ಲಿ ಎಷ್ಟೋ ಜನರಿಗೂ ಸ್ಪ್ಯಾನಿಷ್ ಮನೆಮಾತಲ್ಲ. ಮೆಕ್ಸಿಕೊದ ವಹಾಕಾ, ಗೆರೆರೊ ಕಡೆಯಿಂದ ಬಂದವರು ಮಿಶ್ತೆಕೊ, ತ್ರೀಕಿ, ಸಪೊತೆಕೊ ಮಾತಾಡುತ್ತಾರೆ. ಒಂದೇ ಮಿಶ್ತೆಕೊದಲ್ಲಿ ಊರಿಂದ ಊರಿಗೆ ಅರ್ಥವಾಗದಷ್ಟು ಬೇರೆ ಬೇರೆ ರೂಪಗಳಿವೆ. ಸ್ಪ್ಯಾನಿಷ್ ಫಾರ್ಮ್ ಕೊಟ್ಟರೆ ಮರ್ಯಾದೆಗೆ ತಲೆ ಆಡಿಸಿ ಸಹಿ ಹಾಕಿಬಿಡುತ್ತಾರೆ. ಅದು ಒಪ್ಪಿಗೆ ಅಲ್ಲ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ 2001ರಲ್ಲಿ ಶುರುವಾದ ಮಿಕಾಪ್ ಅನ್ನುವ ಸಂಘಟನೆ ಈ ಜನರ ಭಾಷೆಗಳಲ್ಲೇ ದುಭಾಷಿಗಳನ್ನು ತಯಾರು ಮಾಡುತ್ತದೆ, ರೇಡಿಯೊ ಕೂಡ ನಡೆಸುತ್ತದೆ. ನಿಮ್ಮ ಪ್ರಾಜೆಕ್ಟಿನ ಊರಲ್ಲಿ ಯಾವ ಭಾಷೆಯವರಿದ್ದಾರೆ ಅಂತ ಮೊದಲ ಸಭೆಯಲ್ಲೇ ಕೇಳಿ. ತುಳು, ಕೊಂಕಣಿ, ಬ್ಯಾರಿ, ಲಂಬಾಣಿ ಮಾತಾಡುವವರ ನಡುವೆ ಬೆಳೆದ ನಾಡಿನವರು ನೀವು. ಈ ಪ್ರಶ್ನೆ ನಿಮಗೆ ಬೇಗ ಹೊಳೆಯಬೇಕು.

ಮತ್ತೆ, ಭಾಷೆ ಬೇಡದ ಕೆಲಸ ಬೇಕಾದಷ್ಟಿದೆ. ಸಭೆಗೆ ಬರುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದು, ಕಾರ್ ಇಲ್ಲದವರನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋಗುವುದು, ಸಂಘಟನೆಯ ಅನುದಾನದ ಅರ್ಜಿಗೆ ಅಂಕಿ ಅಂಶ ಜೋಡಿಸಿಕೊಡುವುದು, ಅವರದ್ದೇ ಮಾಹಿತಿಯನ್ನು ಅವರೇ ತೆರೆದು ನೋಡುವಂಥ ಎಕ್ಸೆಲ್ ಶೀಟ್ ಮಾಡಿಕೊಡುವುದು. ಸೇರಿಕೊಳ್ಳಿ. ಆದರೆ ಸೇರುವ ಮೊದಲು ನಿಮ್ಮ ಪ್ರೊಫೆಸರ್ ಜೊತೆ ಮಾತಾಡಿದಷ್ಟೇ ಹೊತ್ತು ಆ ಸಂಘಟನೆಯವರ ಜೊತೆಗೂ ಮಾತಾಡಿ. ಹಿಂದೆ ಬಂದಿದ್ದ ಯೂನಿವರ್ಸಿಟಿಯವರು ಏನು ಕೊಟ್ಟು ಹೋದರು ಅಂತ ಕೇಳಿ. ಈ ಪ್ರಾಜೆಕ್ಟಿನಿಂದ ಅವರಿಗೆ ಏನು ಬೇಕಾಗಿದೆ ಅಂತಲೂ ಕೇಳಿ. ಆ ಉತ್ತರ ಪ್ರಾಜೆಕ್ಟಿನ ಕಾಗದದಲ್ಲಿ ಎಲ್ಲೂ ಇಲ್ಲದಿದ್ದರೆ, ಅದನ್ನು ಸೇರಿಸಿ ಅಂತ ಪ್ರೊಫೆಸರ್‌ಗೆ ಹೇಳುವ ಕೆಲಸದಿಂದಲೇ ನೀವು ಶುರು ಮಾಡಬಹುದು.